ಬೋರ್‌ವೆಲ್ ಪೈಪಿನ ಹೊಗೆ

ಹಾರೋಹಳ್ಳಿಯ ನಮ್ಮ ವರ್ಕ್‌ಶಾಪಿಗೆ ಒಂದು ಟರ್ಬೊ ಕಾರು ಬಂದಿತ್ತು. ಕೆಂಡದಷ್ಟು ಬಿಸಿ ಹೊಗೆ ಇಳಿಯುವ ಅದರ ಡೌನ್‌ಪೈಪನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲೇ ಮಾಡಬೇಕೆಂದು ತಮ್ಮನಿಗೆ ಹೇಳಿದ್ದೆ. ಅವನು ಸಾತನೂರಿನ ನಮ್ಮ ಹೊಲದಿಂದ ಬೋರ್‌ವೆಲ್ಲಿನ ಹಳೇ ಜಿಐ ಪೈಪು ತಂದು ವೆಲ್ಡ್ ಮಾಡಲು ಕೂತಿದ್ದ.

"ಇಷ್ಟು ವರ್ಷ ನೀರಲ್ಲಿದ್ರೂ ಒಸಿನೂ ತುಕ್ಕು ಹಿಡ್ದಿಲ್ಲ ಕಣಣ್ಣ," ಎಂದ.

ಕಪಾಳಕ್ಕೆ ಬಿಗಿದೆ. ಎದ್ದವನನ್ನು ಗೋಡೆಗೆ ಅಪ್ಪಳಿಸಿ, ಅದೇ ಪೈಪಿನಿಂದ ಮೊಣಕೈಗೆ ಬಾರಿಸಿದೆ. "ಕಾದ್ರೆ ಇದ್ರ ಮೇಲಿನ ಸತು ವಿಷದ ಹೊಗೆ ಆಯ್ತದೆ ಕಣ್ಲಾ, ಸತ್ತೋಯ್ತೀಯ."

ಅವನು ತುಟಿಯ ರಕ್ತ ಒರೆಸಿಕೊಂಡ. "ನಮ್ ಟ್ರ್ಯಾಕ್ಟರ್ ಸೈಲೆನ್ಸರ್‌ಗೆ ಇದೇ ಪೈಪ್ ವೆಲ್ಡ್ ಮಾಡ್ದವ್ನು ನೀನೇ ಅಲ್ವಾ?"

ಹೌದು. ಅವತ್ತು ಆ ಹೊಗೆ ಕುಡಿದು ಎರಡು ದಿನ ಜ್ವರದಲ್ಲಿ ನಡುಗಿದ್ದೆ. ಏನಾಯಿತೆಂದು ಕೇಳಿದ ತಮ್ಮನಿಗೆ, ತಪ್ಪೊಪ್ಪಿಕೊಳ್ಳಲು ಮಾನ ಅಡ್ಡ ಬಂದು, ಬಿಸಿಲು ಬಡಿದಿದೆ ಅಂದಿದ್ದೆ.