ಮೊರಾಕೊ ಮಾದೇಶನೂ ಕಳಿಸುವ ಪದವೂ

ತಮಿಳುನಾಡಿನ ಪಾಲಕೋಡಿನ ಸಕ್ಕರೆ ಕಾರ್ಖಾನೆ ರಸ್ತೆಯಲ್ಲಿ ಸೌಂಡ್ ಸರ್ವೀಸ್ ಇಟ್ಟಿರುವ ಮಾದೇಶನನ್ನು ಜನ ಕರೆಯುವುದೇ ಮೊರಾಕೊ ಮಾದೇಶ ಎಂದು. ಹಾಗೆ ಕರೆಯುವವರಲ್ಲಿ ಬಹಳ ಮಂದಿಗೆ ಮೊರಾಕೊ ಎಂಬುದು ದೇಶವೋ ಸೋಪೋ ಗೊತ್ತಿಲ್ಲ. ತಿಳಿದುಕೊಳ್ಳುವ ಅಗತ್ಯವೂ ಅವರಿಗೆ ಕಂಡಿಲ್ಲ. ಕಿವಿ ಚುಚ್ಚುವ ಮನೆಯಿರಲಿ, ಬೋರ್‌ವೆಲ್ ಪೂಜೆಯಿರಲಿ, ಮಾದೇಶನ ಸ್ಪೀಕರ್ ಪೆಟ್ಟಿಗೆಗಳು ಬಂದವೆಂದರೆ ಕಾಲು ತಾನಾಗಿ ಕುಣಿಯುತ್ತದೆ, ಅಷ್ಟು ಸಾಕು.

ಅವನು ಕೆಲವು ವರ್ಷ ದುಬೈಯ ಹೋಟೆಲೊಂದರಲ್ಲಿ ಪಾರ್ಟಿ ಹಾಲಿಗೆ ವೈರು ಎಳೆಯುವ ಕೆಲಸಕ್ಕಿದ್ದ. ಅಲ್ಲಿ ಜೊತೆಗಾರ ಮೊರಾಕೊದ ಇದ್ರಿಸ್. ರಜೆಯ ದಿನ ಇದ್ರಿಸ್ ತನ್ನೂರ ಮದುವೆ ಹಾಡುಗಳನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು, ಯುರೋಪಿನ ಡಿಸ್ಕೋಗಳ ಎದೆ ನಡುಗಿಸುವ ಕಂಪ್ಯೂಟರ್ ತಾಳವನ್ನು ಅವುಗಳ ಕೆಳಗೆ ಕೂಡಿಸುತ್ತಿದ್ದ. ಮೇಲೆ ಕಬ್ಬಿಣದ ದೊಡ್ಡ ತಾಳಗಳ ಕಟಕಟ, ಕೆಳಗೆ ಮಿಷನ್ನಿನ ಧಿಮಿಧಿಮಿ, ನಡುವೆ ಯಾರೋ ಮುದುಕನ ಒಡಕು ದನಿ. ಒಂದಕ್ಷರ ಅರ್ಥವಾಗದಿದ್ದರೂ ಮಾದೇಶನ ಮೈ ಜುಮ್ಮೆಂದಿತು. ಇದು ನಮ್ಮ ಡೊಳ್ಳೇ, ಸಮುದ್ರದಾಚೆ ಹೋಗಿ ಪ್ಯಾಂಟು ತೊಟ್ಟಿದೆ ಎನ್ನಿಸಿತು. ಇದ್ರಿಸನ ಪಕ್ಕದಲ್ಲಿ ಕೂತು ಆ ವಿದ್ಯೆ ಕಲಿತ. ಒಂದು ಒಳ್ಳೆಯ ಸಾಲು ಸಿಕ್ಕಿದರೆ ಕತ್ತರಿಸಿ ತೆಗೆ, ಗಾಣದೆತ್ತಿನ ಹಾಗೆ ಸುತ್ತಲು ಬಿಡು, ಜನ ತಾವಾಗಿ ಒಳಗೆ ಬರುತ್ತಾರೆ ಎನ್ನುವುದು ಇದ್ರಿಸನ ಪಾಠ.

ಊರಿಗೆ ಮರಳಿದವನು ಆ ಹಾಡುಗಳನ್ನೇ ಮದುವೆಗಳಲ್ಲಿ ಹಾಕಿದ. ಇನ್ನೂ ಬಿಡುಗಡೆಯಾಗದ ಯಾವುದೋ ತಮಿಳು ಸಿನಿಮಾದ ಪಾಟ್ಟು ಎಂದುಕೊಂಡು ಜನ ಕುಣಿದರು. ಆದರೆ ಅವನ ಮನಸ್ಸು ಬೇರೆ ಕಡೆ ಇತ್ತು. ಅವನದು ಕುರಿ ಸಾಕುವ ಕನ್ನಡದ ಮನೆ. ಅವನ ಊರಿನ ಹುಡುಗರು ಆಟ, ಜಗಳ, ಪ್ರೀತಿ ಎಲ್ಲವನ್ನೂ ತಮಿಳಿನಲ್ಲೇ ಮಾಡುತ್ತಾರೆ, ಕನ್ನಡ ಉಳಿದಿರುವುದು ಕುರಿ ಗದರಲು. ಮನೆದೇವರ ಪದವನ್ನು ಮೊದಲಿಂದ ಕೊನೆಯವರೆಗೆ ಬಲ್ಲವಳು ಒಬ್ಬಳೇ, ಅವನ ಸೋದರತ್ತೆ ಸಣ್ಣಕ್ಕ. ಅವಳ ದನಿಗೆ ಇದ್ರಿಸನ ತಾಳ ಕೂಡಿಸಬೇಕು, ಹುಡುಗರು ಅದಕ್ಕೆ ಕುಣಿಯುವುದನ್ನು ನೋಡಬೇಕು ಎನ್ನುವುದು ಅವನ ಹುಚ್ಚು.

ಆ ಪದ ಎರಡು ಭಾಗ. ಕರೆಯುವ ಪದ ಹೇಳಿದರೆ ಕೂಡಿದವರಲ್ಲಿ ಯಾರ ಮೈಮೇಲಾದರೂ ದೇವರು ಬರುತ್ತದೆ. ಕೇಳುವುದನ್ನು ಕೇಳಿಯಾದ ಮೇಲೆ ಕಳಿಸುವ ಪದ ಹೇಳಿ ಮೆಲ್ಲಗೆ ಇಳಿಸಬೇಕು. ಹೇಳುವವಳ ಮೈಮೇಲೆ ಮಾತ್ರ ಬರಕೂಡದು. ಅವಳೇ ಮೈಮರೆತರೆ ಕಳಿಸುವವರು ಯಾರು? ಅದಕ್ಕೇ ಸಣ್ಣಕ್ಕ ಕಾಲಿನ ಹೆಬ್ಬೆರಳನ್ನು ನೆಲಕ್ಕೆ ಒತ್ತಿಕೊಂಡೇ ಪದ ಹೇಳುತ್ತಾಳೆ.

ಮಾದೇಶ ಕಾಡಿ ಬೇಡಿ ಅವಳಿಂದ ಎರಡೂ ಭಾಗ ಹೇಳಿಸಿ ರೆಕಾರ್ಡ್ ಮಾಡಿಕೊಂಡ. ಎರಡನ್ನೂ ಜೊತೆಗೇ ಹಾಕಬೇಕೆಂದು ಅವಳು ಕಟ್ಟುನಿಟ್ಟು ಮಾಡಿದಳು, ಇವನು ಕೋಲೆಬಸವನ ಹಾಗೆ ತಲೆಯಾಡಿಸಿದ. ರೆಕಾರ್ಡಿನಲ್ಲಿ ಸೇರಿಕೊಂಡಿದ್ದ ಕುರಿಗಳ ಅರಚಾಟವನ್ನು ತೆಗೆಯುತ್ತಾ ಪದವನ್ನು ಎಷ್ಟೋ ಸಲ ಕೇಳಿದ. ಕಳಿಸುವ ಪದ ನಿಧಾನ, ಅದಕ್ಕೆ ಯಾರು ಕುಣಿದಾರು ಎಂದು ಬಿಟ್ಟೇಬಿಟ್ಟ. ಕರೆಯುವ ಪದದ ಒಂದು ಸಾಲನ್ನು ಕತ್ತರಿಸಿ, ಕಬ್ಬಿಣದ ತಾಳದ ಮೇಲೆ ಸುತ್ತಲು ಹಚ್ಚಿದ.

ಸಣ್ಣಕ್ಕನ ಮೊಮ್ಮಗಳು ಚಂದ್ರಿಕಾಳ ರಿಸೆಪ್ಶನ್ ಸಂಜೆ, ಪಾಲಕೋಡಿನ ಮಂಟಪದಲ್ಲಿ ಅದನ್ನು ಹಾಕಿದ. ಹುಡುಗರು ಕುರ್ಚಿ ಸರಿಸಿ ಕುಣಿದರು. ಗುಡಿಯ ಹಿರಿಯ ಹನುಮಂತರಾಯಪ್ಪನವರು ಮುಖ ಗಂಟಿಕ್ಕಿಕೊಂಡೇ ತೊಡೆ ತಟ್ಟಿ ತಾಳ ಹಾಕುತ್ತಿದ್ದರು. ಮುಂದಿನ ಸಾಲಿನಲ್ಲಿ ಸಣ್ಣಕ್ಕ ಬಾಯಿ ಮುಚ್ಚಿ, ಕಾಲು ಸಡಿಲ ಬಿಟ್ಟುಕೊಂಡು ತನ್ನ ದನಿಯನ್ನು ತಾನೇ ಕೇಳುತ್ತಾ ಕೂತಿದ್ದಳು. ಬಾ ಎನ್ನುವ ಸಾಲು ಮತ್ತೆ ಬಂತು, ಮತ್ತೆ ಬಂತು. ಅವಳು ಎದ್ದು ತೂಗತೊಡಗಿದಳು. ಅಜ್ಜಿ ಕುಣಿಯುತ್ತಿದ್ದಾಳೆಂದು ಜನ ಫೋನು ಹಿಡಿದರು. ಅತ್ತೆ ಮೆಚ್ಚಿದಳೆಂದು ಹಿಗ್ಗಿದ ನಮ್ಮ ಮಹಾಶಯ ಸೌಂಡು ಇನ್ನಷ್ಟು ಏರಿಸಿದ.

ಅವಳ ತುರುಬು ಬಿಚ್ಚಿ, ಕಣ್ಣು ಮೇಲಕ್ಕೆ ಸಿಕ್ಕಿದ್ದು ಕಂಡಾಗ ಇದು ಕುಣಿತವಲ್ಲ ಎಂದು ಅವನಿಗೆ ಹೊಳೆಯಿತು. ಸೌಂಡು ನಿಲ್ಲಿಸಿದ. ಸಣ್ಣಕ್ಕ ನಿಲ್ಲಲಿಲ್ಲ. ಡಾಕ್ಟರು ಕೊಟ್ಟ ಮಾತ್ರೆಯ ಮೇಲೆ ಓಡುತ್ತಿದ್ದ ಎದೆ ಅವಳದು, ಉಸಿರು ಕುಲುಮೆಯ ತಿದಿಯಂತೆ ಏಳುತ್ತಿತ್ತು. ವೇದಿಕೆಯಿಂದ ಇಳಿದು ಬಂದ ಚಂದ್ರಿಕಾ ತಬ್ಬಿ ಹಿಡಿದರೂ ಆಗಲಿಲ್ಲ. ಕಳಿಸುವ ಪದ ಬಲ್ಲವರು ಯಾರಾದರೂ ಇದ್ದೀರಾ ಎಂದು ಹನುಮಂತರಾಯಪ್ಪನವರು ಕೇಳಿದರು. ಬಲ್ಲವಳು ತೂಗುತ್ತಿದ್ದಳು. ರೆಕಾರ್ಡಿನ ಆ ಭಾಗ ಅಂಗಡಿಯ ಕಂಪ್ಯೂಟರಿನಲ್ಲಿತ್ತು, ಓಡಿ ಹೋಗಿ ತರುವಷ್ಟು ಹೊತ್ತು ಇರಲಿಲ್ಲ.

ಮಾದೇಶ ಅವಳ ಮುಂದೆ ನೆಲದ ಮೇಲೆ ಕೂತು ತಾನೇ ಶುರುಮಾಡಿದ. ಕುರಿಗಳ ಸದ್ದು ತೆಗೆಯುವಾಗ ಕಿವಿಯಲ್ಲಿ ಅಂಟಿದ್ದಷ್ಟೇ ಅವನ ಬಂಡವಾಳ. ಬಂದವನೇ ಮೆಲ್ಲಗೆ ಹೋಗು, ಹಟ್ಟಿಯ ಕಾಯಲು ಹೋಗು ಎಂಬ ಸಾಲು ಬಂತು, ಮುಂದಿನದು ಬರಲಿಲ್ಲ. ಬಂದದ್ದನ್ನೇ ಮತ್ತೆ ಹೇಳಿದ. ರಾಗ ಹಳ್ಳ ಹಿಡಿಯಿತು, ದನಿ ಒಡೆಯಿತು, ಕಣ್ಣೀರು ಸುರಿಯಿತು. ಅತ್ತೆಯನ್ನು ನಾನೇ ಕೊಂದೆ ಎಂಬ ಭಯದಲ್ಲಿ ನಿಲ್ಲಿಸುವ ಧೈರ್ಯವಾಗದೆ ಹೇಳುತ್ತಲೇ ಇದ್ದ. ಬಹಳ ಹೊತ್ತಿನ ಮೇಲೆ ಸಣ್ಣಕ್ಕನ ತೂಗಾಟ ಸಣ್ಣದಾಯಿತು, ಮಂಡಿ ಮಡಿಸಿ ಚಂದ್ರಿಕಾಳ ತೊಡೆಗೆ ಒರಗಿದಳು.

ನೀರು ಕುಡಿಸಿದರು. ಈ ಪೆಟ್ಟಿಗೆ ಇನ್ನು ನಮ್ಮ ಜನರ ಮನೆಗೆ ಬರಕೂಡದು ಎಂದು ಹನುಮಂತರಾಯಪ್ಪನವರು ತೀರ್ಪು ಕೊಟ್ಟರು. ಮಾದೇಶ ಅತ್ತೆಯ ಕಾಲು ಹಿಡಿದು ತಪ್ಪಾಯಿತೆಂದ. ಸಣ್ಣಕ್ಕ ಕಾಲು ಬಿಡಿಸಿಕೊಂಡು, ಕೂದಲು ಒಟ್ಟುಮಾಡಿ ತುರುಬು ಕಟ್ಟಿಕೊಂಡಳು.

"ಏನ್ ಪದಾಲಾ ಅದು, ಅರ್ಧಂಬರ್ಧ. ನಾಳಿಂದ ಅಟ್ಟಿ ತಾವ್ಕೆ ಬಾ, ಒಳುಂಗಾ, ಸರ್ಯಾಗಿ ಕಲ್ಸ್‌ಕೊಡ್ತೀನಿ," ಎಂದಳು.

ಕಲಿಯುತ್ತೇನೆ, ಆದರೆ ಈ ಹಾಡನ್ನು ಇನ್ನೆಂದೂ ಹಾಕುವುದಿಲ್ಲ ಎಂದು ಮಾದೇಶ ಅಳುತ್ತಲೇ ಹೇಳಿದ.

"ಆಕ್ಬೇಕು," ಎಂದಳು ಸಣ್ಣಕ್ಕ. "ಊರ್‌ಗೆಲ್ಲಾ ನಾನೇ ಕರ್ದೆ, ನಾನೇ ಕಳ್ಸ್ದೆ. ನನ್ನ ಮೈಮೇಲೆ ಒಂದ್ ದಿವ್ಸಾನೂ ಬರಾಕ್ ಬಿಡ್ಲಿಲ್ಲ ಕಣ್ಲಾ. ಇವತ್ತು ಬಂದಿದ್ದ."