ರಘೋತ್ತಮ ಹಿಡಿದ ಜಿಂಕೆ ಕಳ್ಳ

ಅಮೆರಿಕದ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನ ರಘೋತ್ತಮನಿಗೆ ತಪ್ಪು ಹುಡುಕುವುದು ಬರೀ ಹವ್ಯಾಸವಾಗಿದ್ದರೆ ಹೆಂಡತಿ ಸುಚೇತಾ ಹೇಗೋ ಸಹಿಸಿಕೊಂಡಿರುತ್ತಿದ್ದಳು. ಅದು ಅವನ ಹೊಟ್ಟೆಪಾಡೂ ಆಗಿತ್ತು. ಮೈಸೂರಿನಿಂದ ಬಂದವನು ಪಕ್ಕದ ಊರು ಇಟಾಸ್ಕಾದ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೂತು, ಮನೆ ಸುಟ್ಟುಹೋದವರು, ಕೈಕಾಲು ಮುರಿದುಕೊಂಡವರು ಹಾಕಿದ ಕ್ಲೇಮುಗಳನ್ನು ಯಾವ ರೂಲಿನಡಿ ತಳ್ಳಿಹಾಕಬಹುದು ಎಂದು ನೋಡುತ್ತಲೇ ತಲೆ ನರೆಸಿಕೊಂಡ. ರಿಟೈರ್ ಆದಾಗ ಒಂದು ಗಾಜಿನ ಫಲಕ ಕೊಟ್ಟರು. ಅದು ದೇವರ ಗೂಡಿನ ಪಕ್ಕದಲ್ಲೇ ಕೂತಿದೆ. ಅದರ ಧೂಳು ಒರೆಸುವುದು ಮಾತ್ರ ಸುಚೇತಾಳ ಪಾಲಿಗೆ.

ರಿಟೈರ್ ಆದಮೇಲೆ ಊರಿಗೆಲ್ಲ ಇವನೇ ಪೊಲೀಸು. ತಮ್ಮ ಬಡಾವಣೆಯಲ್ಲಿ ಯಾರ ಹುಲ್ಲು ಎತ್ತರ ಬೆಳೆದಿದೆ, ಯಾರ ಕಸದ ಡಬ್ಬಿ ಹೊತ್ತಿಗೆ ಮುಂಚೆ ಬೀದಿಗೆ ಬಂದಿದೆ ಎಂದು ನೋಡಿ ಕಂಪ್ಲೇಂಟ್ ಹಾಕುವುದು ಬೆಳಗಿನ ಕಾಫಿಯ ನಂತರದ ಕೆಲಸ. ಗಣೇಶನ ಹಬ್ಬದಲ್ಲಿ ಜನ ಹಸಿದು ಊಟದ ಸಾಲಿನಲ್ಲಿ ನಿಂತಿದ್ದಾಗ, ಫೈರ್ ಕೋಡ್ ಪ್ರಕಾರ ಈ ಹಾಲಿನಲ್ಲಿ ಇಷ್ಟು ಜನ ಇರುವಂತಿಲ್ಲ ಎಂದು ಮೈಕು ಹಿಡಿದ ಮಹಾನುಭಾವನೂ ಇವನೇ. ಹುಡುಗರು ಇವನನ್ನು ಕಂಡರೆ ‘ಲಾ ಅಂಕಲ್ ಬಂದ್ರು’ ಎಂದು ಕಿಸಕ್ಕನೆ ನಗುತ್ತಾರೆ. ಅದನ್ನು ಗೌರವ ಎಂದುಕೊಳ್ಳುವಷ್ಟು ದಡ್ಡತನವೂ ಅವನಿಗಿತ್ತು.

ಇಂಥವನ ಒಬ್ಬಳೇ ಮಗಳು ಮೈತ್ರೇಯಿ. ಡೆಟ್ರಾಯ್ಟ್ ಪಕ್ಕದ ನೋವೈಯಲ್ಲಿ ಕಾರಿನ ಬ್ರೇಕ್ ಡಿಸೈನ್ ಮಾಡುತ್ತಾಳೆ. ಅಪ್ಪನಿಗೆ ಫೋನ್ ಮಾಡುವುದನ್ನು ಎಂದೋ ಬಿಟ್ಟಿದ್ದಳು, ಅಮ್ಮನಿಗೆ ಮಾಡುತ್ತಿದ್ದಳು. ಅವಳು ನೇಥನ್ ಎಂಬ ಸ್ಕೂಲ್ ಮೇಷ್ಟರನ್ನು ಮದುವೆಯಾಗುತ್ತೇನೆ ಎಂದಾಗ ಸುಚೇತಾಳಿಗೆ ಹುಡುಗನ ಬಗ್ಗೆ ಭಯವಾಗಲಿಲ್ಲ, ಗಂಡನ ಬಗ್ಗೆ ಆಯಿತು. ನೋವೈ ಹತ್ತಿರದ ಲಿವೋನಿಯಾದ ಹುಡುಗನ ಮನೆಯಲ್ಲಿ ತಾಂಬೂಲ ಬದಲಿಸಿಕೊಳ್ಳೋಣ ಎಂದು ಒಂದು ಭಾನುವಾರ ಗೊತ್ತಾಯಿತು. ಆಗಲೇ ಮೈತ್ರೇಯಿ ಅಮ್ಮನಿಗೆ ನೇರವಾಗಿ ಹೇಳಿದ್ದಳು. ಆ ಒಂದು ಮಧ್ಯಾಹ್ನ ಅಪ್ಪ ಬಾಯಿ ಮುಚ್ಚಿಕೊಂಡಿರಲಿ, ಅಲ್ಲಿ ಯಾರಿಗಾದರೂ ಅವಮಾನವಾದರೆ ತಾನು ಮತ್ತೆ ಅಪ್ಪನ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಮಗಳು ಬಾಯಿಮಾತಿಗೆ ಏನನ್ನೂ ಹೇಳುವವಳಲ್ಲ. ಸುಚೇತಾ ಅಂದಿನಿಂದ ಸರಿಯಾಗಿ ನಿದ್ದೆ ಮಾಡಲಿಲ್ಲ.

ಹೆಣ್ಣು ಕೊಡುವ ಮುಂಚೆ ಮನೆತನ ವಿಚಾರಿಸುವುದು ನಮ್ಮಲ್ಲಿ ಇದ್ದದ್ದೇ. ಮೈಸೂರಿನಲ್ಲಾದರೆ ಪುರೋಹಿತರನ್ನೋ, ಎದುರುಮನೆಯವರನ್ನೋ, ಸೋದರತ್ತೆಯ ನಾದಿನಿಯನ್ನೋ ಕೇಳಿ ಮುಗಿಸುತ್ತಾರೆ. ಲಿವೋನಿಯಾದಲ್ಲಿ ಇವನು ಯಾರನ್ನು ಕೇಳಬೇಕು? ಹಾಗಂತ ಬಿಟ್ಟಾನೆಯೇ! ವಿಡಿಯೋ ಕಾಲಿನಲ್ಲಿ ಅವರ ಹಾಲಿನ ಗೋಡೆ ಕಂಡಿತ್ತು. ಅಲ್ಲಿ ಒಂದು ಜಿಂಕೆಯ ಕೊಂಬು, ಕೆಳಗೆ ಹಿತ್ತಾಳೆ ತಗಡಿನಲ್ಲಿ ‘ವಾಲ್ಟರ್, ಅಕ್ಟೋಬರ್ 1918’ ಎಂಬ ಅಕ್ಷರ. ಪಕ್ಕದಲ್ಲಿ ಮಿಲಿಟರಿ ಬಟ್ಟೆಯ ಯುವಕನ ಫೋಟೋ. ನೇಥನ್ ಹೆಮ್ಮೆಯಿಂದ, ಅವರು ನನ್ನ ಮುತ್ತಾತ, ಆ ವರ್ಷವೆಲ್ಲ ಫ್ರಾನ್ಸಿನ ಯುದ್ಧದಲ್ಲಿದ್ದರು ಎಂದಿದ್ದ. ಪಾಪದ ಹುಡುಗ, ಯಾರ ಕೈಗೆ ಏನು ಕೊಡುತ್ತಿದ್ದೇನೆ ಎಂದು ಅವನಿಗೇನು ಗೊತ್ತು.

ರಘೋತ್ತಮ ಎರಡು ವಾರ ಕಂಪ್ಯೂಟರ್ ಮುಂದಿನಿಂದ ಏಳಲಿಲ್ಲ. ಹುಡುಗನ ರಾಜ್ಯವಾದ ಮಿಷಿಗನ್ನಿನ ನೂರು ವರ್ಷ ಹಿಂದಿನ ಬೇಟೆಯ ಕಾನೂನನ್ನೆಲ್ಲ ಓದಿದ. ಜಿಂಕೆ ಯಾವಾಗ ಹೊಡೆಯಬಹುದು, ಲೈಸೆನ್ಸ್ ಯಾರಿಗೆ ಬೇಕು, ಎಲ್ಲ. ಆಮೇಲೆ ಮಹಾಯುದ್ಧದ ಸಿಪಾಯಿಗಳ ಭತ್ಯೆಯ ಕಾಯಿದೆಗೆ ಕೈ ಹಾಕಿದ. ಸಿಪಾಯಿಯ ಸಂಬಳದಲ್ಲಿ ಒಂದು ಪಾಲು ಹಿಡಿದು, ಸರ್ಕಾರ ತನ್ನದೊಂದಿಷ್ಟು ಸೇರಿಸಿ, ಮನೆಯಲ್ಲಿರುವ ಹೆಂಡತಿಗೆ ಕಳಿಸುತ್ತಿತ್ತಂತೆ. ಮಗಳಿಗೆ ಒಡವೆ ಏನು ಕೊಡೋಣ ಎಂದು ಸುಚೇತಾ ಕೇಳಿದರೆ ಈ ಗಂಡಸು ಸತ್ತುಹೋದ ಸಿಪಾಯಿಯ ಭತ್ಯೆ ಲೆಕ್ಕ ಹಾಕುತ್ತ ಕೂತಿದ್ದ. ಥೂ, ಇವನ ಬುದ್ಧಿಗಿಷ್ಟು!

ಭಾನುವಾರ ಡ್ರೈವ್ ಮಾಡುತ್ತ ಅವನು ತನ್ನ ಸಂಶೋಧನೆಯನ್ನು ಬಿಚ್ಚಿದ. ಆ ವರ್ಷ ನವೆಂಬರ್‌ಗೆ ಮುಂಚೆ ಜಿಂಕೆ ಹೊಡೆಯುವಂತಿರಲಿಲ್ಲ, ಆದರೆ ತಗಡಿನ ಮೇಲೆ ಅಕ್ಟೋಬರ್ ಎಂದಿದೆ. ಅಂದರೆ ಕಳ್ಳಬೇಟೆ. ಅಷ್ಟೇ ಅಲ್ಲ, ಅಕ್ಟೋಬರ್‌ನಲ್ಲಿ ಇಲ್ಲಿ ಕಾಡಿನಲ್ಲಿದ್ದವನು ಫ್ರಾನ್ಸಿನಲ್ಲಿ ಹೇಗಿರುತ್ತಾನೆ? ಸೈನ್ಯ ಬಿಟ್ಟು ಓಡಿಬಂದಿದ್ದಾನೆ, ಹೆಂಡತಿ ಮಾತ್ರ ಭತ್ಯೆ ತಿಂದಿದ್ದಾಳೆ. ದಾರಿಯಲ್ಲಿ ಕಲಮಜೂ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿದಾಗ ಮೊಸರವಲಕ್ಕಿಯ ಡಬ್ಬಿ ಕೈಗೆ ಕೊಡುತ್ತ ಸುಚೇತಾ ಬೇಡಿಕೊಂಡಳು. ಇದನ್ನು ಅಲ್ಲಿ ಎತ್ತಬೇಡಿ, ನನಗಿರುವುದು ಒಬ್ಬಳೇ ಮಗಳು ಎಂದಳು. ಅವನು ಅವಲಕ್ಕಿ ಅಗಿಯುತ್ತ, ಸತ್ಯ ಹೇಳುವುದಕ್ಕೆ ಹೆದರಿಕೆಯೇಕೆ ಎಂದ. ಈ ಮನುಷ್ಯನಿಗೆ ಹೇಳುವುದಕ್ಕಿಂತ ಮೈಲಿಗಲ್ಲಿಗೆ ಹೇಳುವುದು ವಾಸಿ ಎಂದುಕೊಂಡು ಅವಳು ಕಾರಿಗೆ ಹೋಗಿ ಕೂತಳು.

ಲಿವೋನಿಯಾದ ಮನೆಯವರು ಇವರಿಗಾಗಿ ಹೊಸ ಪಾತ್ರೆ ತಂದು, ಮಾಂಸ ಮುಟ್ಟದ ಸೌಟು ಹಾಕಿ ಕಾಳಿನ ಸಾರು ಮಾಡಿದ್ದರು. ಈರುಳ್ಳಿ ಹಾಕಬಹುದೇ ಎಂದು ನೇಥನ್‌ನ ತಾಯಿ ಹಿಂದಿನ ದಿನ ಫೋನ್ ಮಾಡಿ ಕೇಳಿದ್ದಳು. ಮೂಲೆಯ ಕುರ್ಚಿಯಲ್ಲಿ ನೇಥನ್‌ನ ಅಜ್ಜಿ ಲೊರೆಟ್ಟಾ ಕೂತಿದ್ದಳು. ಆ ವಾಲ್ಟರನ ಮಗಳು ಅವಳು, ತೊಂಬತ್ತು ದಾಟಿದ ವಿಧವೆ. ಸುಚೇತಾಳ ಕೈ ಹಿಡಿದು, ನಿನ್ನ ಮಗಳು ನಗುವುದು ನನಗೆ ಬಹಳ ಇಷ್ಟ ಎಂದಳು. ಸುಚೇತಾಳ ಕಣ್ಣು ತುಂಬಿತು.

ಊಟವಾಗಿ ತಾಂಬೂಲದ ತಟ್ಟೆ ಟೇಬಲ್ಲಿಗೆ ಬಂತು. ಆಗ ರಘೋತ್ತಮ ಗಂಟಲು ಸರಿಮಾಡಿಕೊಂಡ. ಸುಚೇತಾ ಅವನ ಕಾಲು ತುಳಿದಳು. ಅವನು ಕಾಲು ಎಳೆದುಕೊಂಡು, ಆಫೀಸಿನಲ್ಲಿ ಕ್ಲೇಮು ತಳ್ಳಿಹಾಕುತ್ತಿದ್ದಾಗಿನ ಅದೇ ನುಣ್ಣನೆಯ ಇಂಗ್ಲಿಷಿನಲ್ಲಿ ಶುರುಮಾಡಿದ. ಕೊಂಬು ತೋರಿಸಿದ, ಫೋಟೋ ತೋರಿಸಿದ, ಎರಡು ಕಾನೂನುಗಳನ್ನೂ ವಿವರಿಸಿದ. ನಿಮ್ಮ ಹಿರಿಯರು ಒಂದೋ ಜಿಂಕೆ ಕಳ್ಳ, ಇಲ್ಲವೇ ಸರ್ಕಾರಕ್ಕೆ ಮೋಸ ಮಾಡಿದವರು, ಬಹುಶಃ ಎರಡೂ, ಸಂಬಂಧ ಬೆಳೆಸುವ ಮುಂಚೆ ಇದು ಸ್ಪಷ್ಟವಾಗಲಿ ಎಂದ. ನೇಥನ್‌ನ ಮುಖ ಕೆಂಪೇರಿತು. ಮೈತ್ರೇಯಿ ತಟ್ಟೆಯಲ್ಲಿದ್ದ ವೀಳ್ಯದೆಲೆಯನ್ನು ನೋಡುತ್ತ ಕೂತಳು.

ಲೊರೆಟ್ಟಾ ಮಾತ್ರ ಬೇಸರಪಟ್ಟುಕೊಳ್ಳಲಿಲ್ಲ. ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದಳು. ಜಿಂಕೆ ಹೊಡೆದದ್ದು ನನ್ನಪ್ಪ ಅಲ್ಲ, ಅಪ್ಪ ಫ್ರಾನ್ಸಿನಲ್ಲೇ ಇದ್ದ. ಹೊಡೆದವಳು ನನ್ನಮ್ಮ. ಅವಳ ಭತ್ಯೆ ಎಲ್ಲೋ ವಾಷಿಂಗ್ಟನ್ನಿನ ಆಫೀಸಿನಲ್ಲಿ ಸಿಕ್ಕಿಹಾಕಿಕೊಂಡು ತಿಂಗಳುಗಟ್ಟಲೆ ಬರಲಿಲ್ಲ. ಅಂಗಡಿಯವನು ಸಾಲ ನಿಲ್ಲಿಸಿದ. ನನ್ನ ಅಣ್ಣ ಆಗ ತೊಟ್ಟಿಲಲ್ಲಿದ್ದ, ಅಮ್ಮನಿಗೆ ಹಾಲು ಬತ್ತಿತ್ತು. ಅಪ್ಪನ ಬಂದೂಕು ತೆಗೆದುಕೊಂಡು ಹೋದಳು. ಯುದ್ಧದಲ್ಲಿರುವ ಸಿಪಾಯಿಯನ್ನು ಯಾರೂ ಜೈಲಿಗೆ ಹಾಕುವುದಿಲ್ಲ ಎಂದು ತಗಡಿನ ಮೇಲೆ ಅಪ್ಪನ ಹೆಸರು ಕೆತ್ತಿಸಿದಳು. ಇಷ್ಟು ಹೇಳಿ ಮುದುಕಿ ನಕ್ಕಳು.

ಮನುಷ್ಯ ಅನ್ನಿಸಿಕೊಂಡವನು ಅಲ್ಲಿಗೆ ಕೈಮುಗಿದು ಸುಮ್ಮನಾಗಬೇಕಿತ್ತು. ಸುಚೇತಾ ಒಂದು ಕ್ಷಣ ಹಾಗೇ ಆಗುತ್ತದೆ ಎಂದು ಆಸೆಪಟ್ಟಳು. ರಘೋತ್ತಮ ಕನ್ನಡಕ ಸರಿಮಾಡಿಕೊಂಡು, ಆದರೂ ಆ ಕಾನೂನಿನಲ್ಲಿ ಹಸಿವಿಗೆ ವಿನಾಯಿತಿ ಇರಲಿಲ್ಲ ಎಂದ.

ಮೈತ್ರೇಯಿ ಎದ್ದು ಅಪ್ಪನ ಕೋಟು ತಂದು ಅವನ ಮಡಿಲಲ್ಲಿ ಇಟ್ಟಳು.

“ಅಪ್ಪಾ, ನೀವು ಹೊರಡಿ. ಮದುವೆಗೂ ಬರಬೇಡಿ.”

ರಘೋತ್ತಮ ಹೆಂಡತಿಯತ್ತ ತಿರುಗಿದ. ಎಂದಿನಂತೆ ಅವಳು ಎದ್ದು ಬ್ಯಾಗು ತೆಗೆದುಕೊಳ್ಳುತ್ತಾಳೆ, ದಾರಿಯಲ್ಲಿ ಅತ್ತು ಸರಿಹೋಗುತ್ತಾಳೆ ಎಂದು ಅವನ ಲೆಕ್ಕ. ಅವಳು ಏಳಲಿಲ್ಲ. ತಟ್ಟೆಯನ್ನು ತನ್ನತ್ತ ಎಳೆದುಕೊಂಡು, ಎಲೆ, ಅಡಿಕೆ, ತೆಂಗಿನಕಾಯಿ ಜೋಡಿಸಿ, ಕುಂಕುಮದ ಭರಣಿಯನ್ನೂ ಇಟ್ಟು, ಲೊರೆಟ್ಟಾಳ ಮುಂದೆ ಹೋಗಿ ಬಗ್ಗಿದಳು. ಗಂಡ ಇಲ್ಲದ ಹೆಂಗಸಿಗೆ ಕುಂಕುಮ ಕೊಡುತ್ತಾರೇನೇ ಎಂದು ಅವನು ಕನ್ನಡದಲ್ಲಿ ಹಲ್ಲು ಕಚ್ಚಿ ಅಂದ. ಅವಳು ಕಿವಿಗೆ ಹಾಕಿಕೊಳ್ಳದೆ ಮುದುಕಿಯ ಸುಕ್ಕುಹಣೆಗೆ ತನ್ನ ಕೈಯಾರೆ ಕುಂಕುಮ ಇಟ್ಟಳು.

ಅವನ ಕೊನೆಯ ಅಸ್ತ್ರ ಬಾಕಿ ಇತ್ತು. ಕೋಟು ಹಾಕಿಕೊಳ್ಳುತ್ತ ಕೇಳಿದ.

“ನಾನಿಲ್ದೆ ಮಗಳನ್ನ ಧಾರೆ ಎರೆದು ಕೊಡೋರು ಯಾರೇ?”

“ನಾನು,” ಎಂದಳು ಸುಚೇತಾ. “ಕಾರಿನ ಕೀ ನಿಮ್ಮ ಹತ್ರಾನೇ ಇದೆ. ಹೊರಡಿ.”