ಟೈಲ್ಸ್ ಎಣಿಸಿದ ಭಾನುವಾರ

ನಮ್ಮ ಹಳೆಯ ಕಾವ್ಯಗಳಲ್ಲಿ ಪರರ ಸ್ವತ್ತಿಗೆ ಕಣ್ಣು ಹಾಕುವವನು ಹೆಚ್ಚಾಗಿ ರಾಜ. ಅವನ ನಿದ್ದೆ ಹಾರುತ್ತದೆ, ಕೊನೆಗೆ ಯುದ್ಧ ಮಾಡಿ ಸಾಯುತ್ತಾನೆ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದ ನನ್ನಂಥವನಿಗೆ ಆ ಪಾತ್ರ ಕೊಟ್ಟ ಕವಿಯನ್ನು ನಾನು ಕಾಣೆ.

ತೆಲುಗು ಸೀಮೆಯ ಬಾಲಾನಗರದ ಕಾರ್ಖಾನೆಯಲ್ಲಿದ್ದ ನಾವು ಕನ್ನಡದವರು ಭಾನುವಾರ ಸಂಜೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸಂಸಾರ ಸಮೇತ ಸೇರುತ್ತಿದ್ದೆವು. ಹಿರಿಯರೊಬ್ಬರು ರಾಗವಾಗಿ ಕಾವ್ಯ ಓದುವರು, ನಾನು ಅರ್ಥ ಹೇಳುವೆ. ಆ ಸಲದ ಮನೆ, ಕಾರ್ಖಾನೆ ಬಿಟ್ಟು ಸಾಫ್ಟ್‌ವೇರ್ ಕಂಪನಿ ಸೇರಿದ ಗೆಳೆಯನ ಹೊಸ ಫ್ಲ್ಯಾಟು, ಕೂಕಟ್‌ಪಲ್ಲಿಯಲ್ಲಿ. ಓದು ಅಂಥದೇ ರಾಜನ ಕಥೆ. ನಾನು ತಪಾಸಣಾ ವಿಭಾಗದವನು, ಏನನ್ನೂ ಅಳೆಯದೆ ಕೂರಲಾರೆ. ಹಾಲ್‌ನಲ್ಲಿ ಹಾಸಿದ್ದ ಒಂದಡಿಯ ಟೈಲ್ಸುಗಳನ್ನು ಗೋಡೆಯವರೆಗೆ ಎಣಿಸತೊಡಗಿದೆ. ಓದು ನಿಂತದ್ದೂ ತಿಳಿಯಲಿಲ್ಲ.

"ಅರ್ಥ ಹೇಳ್ರಿ," ಎಂದರು ಹಿರಿಯರು.

"ಹದಿನೆಂಟು ಅಡಿ," ಎಂದುಬಿಟ್ಟೆ.

ಎಲ್ಲರೂ ನನ್ನನ್ನೇ ನೋಡಿದರು. ಎದ್ದು ಹೋಗೋಣವೆಂದರೆ ಬಾಗಿಲ ತನಕ ಜನ ಕೂತಿದ್ದರು. ಪರರ ಸ್ವತ್ತನ್ನು ಬಯಸಬಾರದೆಂದು ಇನ್ನೂ ಒಂದು ತಾಸು ಬೆವರುತ್ತ ವಿವರಿಸಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಬೈಯುತ್ತಾಳೆಂದು ಕಾದೆ. ನಮ್ಮ ಸ್ಟಾಪು ಹತ್ತಿರ ಬಂದಾಗ ತಿರುಗಿದಳು.

"ಉದ್ದ ಹದಿನೆಂಟು ಖರೇನ ಐತ್ರಿ. ಅಡ್ಡ ಹನ್ನೆರಡು," ಎಂದಳು. "ನಾನೂ ಎಣಿಸೀನ್ರಿ."

ಕಾವ್ಯದ ರಾಜ ಯುದ್ಧದಲ್ಲಿ ಸತ್ತು ಪಾರಾದ. ನಾವು ಬೀಗ ತೆಗೆದು ಒಳಗೆ ಹೋಗಿ, ಕ್ವಾರ್ಟರ್ಸಿನ ನಮ್ಮ ಹತ್ತಡಿಯ ಕೋಣೆಯಲ್ಲಿ ಇನ್ನೂ ಹನ್ನೊಂದು ವರ್ಷ ಬಾಳಿದೆವು.